ಒಂದು ಕೆಳಗೆ, ಒಂದು ಮೇಲೆ

ಕೇಳುಗರಿಗೆಲ್ಲ ನಮಸ್ಕಾರ. ಹಲಗೆಗೆ ಹಲಗೆ ಅಂಟಿಸಿ ಅಗಲ ಮಾಡುವ ಕೆಲಸದ ಬಗ್ಗೆ ಮಾತಾಡಿ ಅಂತ ಕರೆದಿದ್ದಾರೆ. ಎರಡೂವರೆ ಅಡಿ ಅಗಲದ ಒಂದೇ ಹಲಗೆ ಈಗ ಎಲ್ಲಿ ಸಿಗುತ್ತದೆ ಹೇಳಿ. ನಮ್ಮ ಕೈಗೆ ಬರುವುದು ಐದಾರು ಇಂಚಿನವು. ಅವನ್ನೇ ಅಂಚಿಗೆ ಅಂಚು ಕೂಡಿಸಿ, ಫೆವಿಕಾಲ್ ಹಚ್ಚಿ, ಕ್ಲಾಂಪ್ ಹಾಕಿ ಬಿಗಿಯುತ್ತೇವೆ. ಕ್ಲಾಂಪ್ ಅಂದರೆ ಬಾಯಿ ಇರುವ ಉದ್ದ ಕಬ್ಬಿಣದ ಪಟ್ಟಿ, ಹಿಡಿ ತಿರುಗಿಸಿದರೆ ಹಲಗೆಗಳನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುತ್ತದೆ. ಬೆಳಿಗ್ಗೆ ಬಿಚ್ಚಿದರೆ ಹಲಗೆ ಬಾಗಿ ದೋಣಿಯಾಗಿರುತ್ತದೆ. ಆಗ ಎಲ್ಲರೂ ಬೈಯುವುದು ಮರವನ್ನು. 30 ವರ್ಷ ಐಟಿಐ ಹುಡುಗರಿಗೆ ಮರಗೆಲಸ ಹೇಳಿಕೊಟ್ಟವನು ನಾನು. ಆ ಬೈಗುಳ ಕೇಳಿ ಕೇಳಿ ಸಾಕಾಗಿದೆ. ಒಂದೇ ರಾತ್ರಿಯಲ್ಲಿ ದೋಣಿಯಾದರೆ ತಪ್ಪು ಮರದ್ದಲ್ಲ, ಕ್ಲಾಂಪ್ ಹಾಕಿದವರದ್ದು.

ಇವತ್ತು ನೀವು ನೆನಪಿಡಬೇಕಾದ್ದು ಒಂದೇ ಮಾತು. ಒಂದು ಕೆಳಗೆ, ಒಂದು ಮೇಲೆ. ಮೊದಲ ಕ್ಲಾಂಪ್ ಹಲಗೆಯ ಅಡಿಗೆ, ಮುಂದಿನದು ಹಲಗೆಯ ಮೇಲೆ, ಅದರ ಮುಂದಿನದು ಮತ್ತೆ ಅಡಿಗೆ. ಒಂದಡಿ ದೂರಕ್ಕೆ ಒಂದರಂತೆ ಹಾಕುತ್ತಾ ಹೋಗಿ.

ಯಾಕೆ ಅಂತೀರಾ? ಮನೆಯಲ್ಲಿ ಇಸ್ಪೀಟು ಎಲೆ ಇದ್ದರೆ ಒಂದು ತಗೊಳ್ಳಿ. ಎರಡೂ ಅಂಚನ್ನು ಬೆರಳಲ್ಲಿ ಹಿಡಿದು ಒಳಕ್ಕೆ ಒತ್ತಿ. ನಡು ಉಬ್ಬಿತು, ಅಲ್ವಾ? ಹಲಗೆಗೂ ಇದೇ ಗತಿ. ಕ್ಲಾಂಪ್ ಅಡಿಯಲ್ಲಿದ್ದಾಗ ಬಿಗಿದರೆ ಅದರ ಕಬ್ಬಿಣದ ಪಟ್ಟಿಯೇ ಸ್ವಲ್ಪ ಬಾಗುತ್ತದೆ. ಬಾಯಿ ಮೇಲ್ಗಡೆ ಅಗಲವಾಗುತ್ತದೆ. ಒತ್ತಡವೆಲ್ಲ ಹಲಗೆಯ ಕೆಳ ಅಂಚಿಗೆ ಬೀಳುತ್ತದೆ. ನಡು ಮೇಲಕ್ಕೆ ಏಳುತ್ತದೆ. ಮೇಲೆ ಹಾಕಿದ ಕ್ಲಾಂಪ್ ಇದಕ್ಕೆ ಉಲ್ಟಾ, ನಡುವನ್ನು ಕೆಳಕ್ಕೆ ತಳ್ಳುತ್ತದೆ. ಇಬ್ಬರೂ ಜಗಳಕ್ಕೆ ಬಿದ್ದರೆ ಹಲಗೆ ಸಮವಾಗಿ ಮಲಗಿರುತ್ತದೆ.

ಇದನ್ನು ನಾನು ಯಾವ ಪುಸ್ತಕದಲ್ಲೂ ಓದಿ ಕಲಿಯಲಿಲ್ಲ. ಅಕ್ಕನ ಮನೆಯ ಗೃಹಪ್ರವೇಶಕ್ಕೆ ಊಟದ ಮೇಜು ಮಾಡಿಕೊಡುತ್ತೇನೆ ಅಂತ ಒಪ್ಪಿಕೊಂಡಿದ್ದೆ. ಆಗ ನನಗೆ 22 ವರ್ಷ, ಕೈಗಿಂತ ಬಾಯಿ ಜಾಸ್ತಿ. ಆರಾರು ಇಂಚಿನ ಐದು ಹಲಸಿನ ಹಲಗೆ, ಒಳ್ಳೆ ಜೇನಿನ ಬಣ್ಣ. ನೆಲದ ಮೇಲೆ ನಾಲ್ಕು ಕ್ಲಾಂಪ್ ಸಾಲಾಗಿ ಹಾಸಿದೆ, ಅದರ ಮೇಲೆ ಹಲಗೆ ಜೋಡಿಸಿದೆ. ನಾಲ್ಕೂ ಕೆಳಗೇ. ಹಾಗೆ ಸುಲಭ, ಅದಕ್ಕೇ. ಹಿಡಿಗೆ ಪೈಪು ಸಿಕ್ಕಿಸಿ, ಹಲ್ಲು ಕಚ್ಚಿ ತಿರುಗಿಸಿದೆ. ಮಾರನೇ ದಿನ ಬಿಚ್ಚಿ, ಸರಿಯಾಗಿ ನೋಡಲೂ ಇಲ್ಲ. ಉಜ್ಜಿ, ಪಾಲಿಶ್ ಹೊಡೆದು, ಕಾಲು ಕೂರಿಸಿ ಕಳಿಸಿಬಿಟ್ಟೆ.

ಗೃಹಪ್ರವೇಶದ ದಿನ ಅದೇ ಮೇಜಿನ ಮೇಲೆ ಬಾಳೆ ಎಲೆ ಹಾಕಿ ಊಟಕ್ಕೆ ಕೂತರು. ಕೋಸಂಬರಿ ಬಂತು, ಪಲ್ಯ ಬಂತು, ಏನೂ ತೊಂದರೆ ಇಲ್ಲ. ಆಮೇಲೆ ಸಾರು ಬಂತು. ಭಾವ ಅನ್ನದ ನಡುವೆ ಗುಂಡಿ ಮಾಡುವಷ್ಟರಲ್ಲಿ ಅದು ಎಲೆ ದಾಟಿ, ಮೇಜಿನ ಅಂಚು ದಾಟಿ, ಹೊಸ ರೇಷ್ಮೆ ಪಂಚೆಗೆ ಇಳಿಯಿತು. ಎದುರಿಗೆ ಕೂತವರಿಗೂ ಅದೇ ಕಥೆ, ಆ ಕಡೆಗೆ. ಭಾವ ಎದ್ದು ನಿಂತು, ಪಂಚೆ ಒದರುತ್ತಾ ಕೇಳಿದರು: "ಏನಪ್ಪಾ, ಮೇಜು ಮಾಡಿದ್ದೋ, ಆಮೆ ಮಾಡಿದ್ದೋ?"

ನಾನು ತಕ್ಷಣ, ಮರ ಹಸಿ ಇತ್ತು ಭಾವ ಅಂದೆ. ಪಕ್ಕದ ಪಂಕ್ತಿಯಲ್ಲಿ ದೊಡ್ಡಪ್ಪ ಕೂತಿದ್ದರು. ನನಗೆ ಉಳಿ ಹಿಡಿಯೋದು ಕಲಿಸಿದವರು ಅವರೇ. ಊಟ ಮುಗಿಸಿ, ಕೈ ತೊಳೆದು ಬಂದು, ಉಕ್ಕಿನ ಸ್ಕೇಲು ತರಿಸಿ ಮೇಜಿನ ಮೇಲೆ ಅಡ್ಡ ಇಟ್ಟರು. ಎರಡೂ ತುದಿಯಲ್ಲಿ ಎರಡೆರಡು ನೂಲು ಸಂದಿ, ಅಂದರೆ ಕಾಲು ಇಂಚು. ಬೈಯಲಿಲ್ಲ. "ಕ್ಲಾಂಪ್ ಎಲ್ಲಾ ಕೆಳಗೇ ಹಾಕಿದ್ಯೇನೋ?" ಅಂದರು, ಅಷ್ಟೇ. ಮುಂದಿನ ವಾರ ನಾಲ್ಕೂ ಕೂಡುಗೆರೆಯಲ್ಲಿ ಕೊಯ್ದು, ಅಂಚು ಹೊಸದಾಗಿ ಕೆತ್ತಿ, ಮತ್ತೆ ಅಂಟಿಸಿದೆ. ಒಂದು ಕೆಳಗೆ, ಒಂದು ಮೇಲೆ. ಮೇಜು ಒಂದಿಂಚು ಸಣ್ಣದಾಯಿತು. ಅಕ್ಕ ಈಗಲೂ ಅದರ ಮೇಲೇ ತರಕಾರಿ ಹೆಚ್ಚುತ್ತಾಳೆ.

ಅಯ್ಯೋ, ಗಾಜಿನ ಆಚೆಯಿಂದ ಆಗಲೇ ಎರಡು ಬೆರಳು ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಬೇಗ ಹೇಳಿಬಿಡುತ್ತೇನೆ.

ಅಂಚು ಕೆತ್ತುವಾಗ ಅಕ್ಕಪಕ್ಕದ ಎರಡು ಹಲಗೆಯನ್ನು ಪುಸ್ತಕ ಮುಚ್ಚಿದ ಹಾಗೆ ಮಡಚಿ ಹಿಡಿದು, ಎರಡೂ ಅಂಚಿನ ಮೇಲೆ ಒಟ್ಟಿಗೇ ಮರ ಹೆರೆಯುವ ಉಜ್ಜುಗೊರಡು ಓಡಿಸಿ. ಗೊರಡು ಚೂರು ಓರೆಯಾದರೂ ಬಿಡಿಸಿಟ್ಟಾಗ ಒಂದರ ಓರೆ ಇನ್ನೊಂದರ ಓರೆಗೆ ಕೂಡಿಕೊಳ್ಳುತ್ತದೆ. ಅಂಟು ಹಚ್ಚುವ ಮುಂಚೆ ಬರೀ ಹಲಗೆ ಜೋಡಿಸಿ ಒಮ್ಮೆ ಕ್ಲಾಂಪ್ ಹಾಕಿ ನೋಡಿ. ಸಂದಿ ಕಂಡರೆ ಮತ್ತೆ ಕೆತ್ತಿ. ಬಿಗಿದು ಮುಚ್ಚುತ್ತೇನೆ ಅನ್ನಬೇಡಿ, ನಾನು ಪೈಪು ಸಿಕ್ಕಿಸಿದವನು, ನನಗೆ ಗೊತ್ತು. ಅಂಟು ಸಾಲಾಗಿ ಸಣ್ಣ ಮಣಿಮಣಿಯಾಗಿ ಹೊರಬಂದರೆ ಸಾಕು, ಅಲ್ಲಿಗೆ ನಿಲ್ಲಿಸಿ.

ಕೂಡಿಸಿದ ಹಲಗೆಯ ಎರಡೂ ತುದಿಗೆ ಮೇಲೊಂದು ಕೆಳಗೊಂದು ಮರದ ಅಡ್ಡಪಟ್ಟಿ ಇಟ್ಟು ಬಿಗಿಯಾಗಿ ಹಿಡಿಸಿ. ಪಟ್ಟಿಗೆ ಪ್ಯಾಕಿಂಗ್ ಟೇಪು ಸುತ್ತಿ, ಇಲ್ಲದಿದ್ದರೆ ಅದೂ ಅಂಟಿಕೊಂಡು ಕೂರುತ್ತದೆ. ಮತ್ತಿ, ಜಾಲಿ ಮರವಾದರೆ ಕಬ್ಬಿಣ ತಾಗುವ ಕಡೆ ಪ್ಲಾಸ್ಟಿಕ್ ಹಾಳೆ ಇಡಿ. ಹಸಿ ಅಂಟು, ಕಬ್ಬಿಣ, ಮರದ ಒಗರು ಮೂರೂ ಸೇರಿದರೆ ಕಪ್ಪು ಕಲೆ. ಅದು ಸುಮ್ನೆ ಉಜ್ಜಿದರೆ ಹೋಗುವುದಿಲ್ಲ. ಕ್ಲಾಂಪ್ ಇಲ್ಲದವರು ಗಟ್ಟಿ ಪಟ್ಟಿಗೆ ಎರಡು ತುಂಡು ಬಡಿದು, ತುಂಡಿಗೂ ಹಲಗೆಗೂ ಮಧ್ಯೆ ಜೋಡಿ ಬೆಣೆ ಹೊಡೆಯಿರಿ. ಅದನ್ನೂ ಹಾಗೇ ಹಾಕಬೇಕು. ಹೇಗೆ? ಒಂದು ಕೆಳಗೆ, ಒಂದು ಮೇಲೆ.

ಬಿಚ್ಚಿದ ಮೇಲೆ ಹಲಗೆಯನ್ನು ಸಿಮೆಂಟ್ ನೆಲದ ಮೇಲೆ ಮಲಗಿಸಿ ಟೀ ಕುಡಿಯಲು ಹೋಗಬೇಡಿ. ಒಂದೇ ಮಗ್ಗುಲು ಒಣಗಿ ಮತ್ತೆ ಬಾಗುತ್ತದೆ. ಎರಡೂ ಕಡೆ ಗಾಳಿಯಾಡುವ ಹಾಗೆ ಗೋಡೆಗೆ ಒರಗಿಸಿ ನಿಲ್ಲಿಸಿ, ಆಮೇಲೆ ಟೀ. ನಮಸ್ಕಾರ.