ಆರಿದ್ರಾ ನಕ್ಷತ್ರದ ಬೆಳಕು ಅಳೆಯುವ ಹವ್ಯಾಸ

ಕೇಳುಗರೆಲ್ಲರಿಗೂ ನಮಸ್ಕಾರ.

'ಆದರೆ ಆರಿದ್ರಾ, ಇಲ್ಲದಿದ್ದರೆ ದರಿದ್ರ' ಎಂಬ ಗಾದೆ ನಮ್ಮ ರೈತರ ಬಾಯಲ್ಲಿ ಈಗಲೂ ಇದೆ. ಜೂನ್ 22ರ ಆಸುಪಾಸಿಗೆ ಶುರುವಾಗುವ ಆ ಮಳೆ ಹಿಡಿದರೆ ಬೆಳೆ, ಕೈಕೊಟ್ಟರೆ ಕಷ್ಟ. ಮಳೆ ಎಲ್ಲರಿಗೂ ಗೊತ್ತು. ಅದಕ್ಕೆ ಹೆಸರು ಕೊಟ್ಟ ನಕ್ಷತ್ರವನ್ನು ಆಕಾಶದಲ್ಲಿ ತೋರಿಸಬಲ್ಲವರು ಕಡಿಮೆ. ನಾನು ಖಗೋಳ ವಿಜ್ಞಾನ ಓದಿದವನಲ್ಲ. ರಾತ್ರಿ ತಾರಸಿಗೆ ಹೋಗಿ ಆಕಾಶ ನೋಡುವುದು ನನ್ನ ಹವ್ಯಾಸ. ಇವತ್ತು ಆರಿದ್ರಾ ನಕ್ಷತ್ರದ ಬಗ್ಗೆ ಮಾತ್ರ ಮಾತಾಡುತ್ತೇನೆ.

ಜನವರಿ ತಿಂಗಳಲ್ಲಿ ರಾತ್ರಿ ಎಂಟರ ಹೊತ್ತಿಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಸಾಲಾಗಿ ಮೂರು ನಕ್ಷತ್ರ ಕಾಣುತ್ತವೆ. ಅದು ಮಹಾವ್ಯಾಧ ಎಂಬ ನಕ್ಷತ್ರಪುಂಜದ ನಡುಪಟ್ಟಿ. ಅದರ ಎಡಗಡೆ ಕೆಂಪಗೆ ಹೊಳೆಯುವುದೇ ಆರಿದ್ರಾ. ಇಂಗ್ಲಿಷಿನವರು ಬೆಟೆಲ್‌ಜ್ಯೂಸ್ ಎನ್ನುತ್ತಾರೆ. ಅದನ್ನು ನಮ್ಮ ಸೂರ್ಯನ ಜಾಗದಲ್ಲಿ ಇಟ್ಟರೆ ಬುಧ, ಶುಕ್ರ, ಭೂಮಿ, ಮಂಗಳ ನಾಲ್ಕೂ ಅದರ ಹೊಟ್ಟೆಯೊಳಗೆ ಹೋಗುತ್ತವೆ. ಇಷ್ಟಾಗಿಯೂ ವಯಸ್ಸು ಸುಮಾರು 1 ಕೋಟಿ ವರ್ಷ ಅಷ್ಟೇ. ಸೂರ್ಯನಿಗೆ 460 ಕೋಟಿ ವರ್ಷ ಆಗಿದೆ. ಭಾರಿ ನಕ್ಷತ್ರಗಳು ತಮ್ಮ ಇಂಧನವನ್ನು ಬೇಗ ಸುಟ್ಟುಕೊಂಡು ಬೇಗ ಮುಗಿಯುತ್ತವೆ.

ಆರಿದ್ರಾದ ಬೆಳಕು ಸದಾ ಒಂದೇ ಸಮ ಇರುವುದಿಲ್ಲ. ಇದನ್ನು 1836ರಲ್ಲಿ ಖಗೋಳ ವಿಜ್ಞಾನಿ ಜಾನ್ ಹರ್ಷೆಲ್ ಗಮನಿಸಿದರು. ಆದರೆ 2019ರ ಕೊನೆಯಲ್ಲಿ ಆದದ್ದೇ ಬೇರೆ. ಡಿಸೆಂಬರ್‌ನಲ್ಲಿ ಅಮೆರಿಕದ ಖಗೋಳ ವಿಜ್ಞಾನಿ ಎಡ್ವರ್ಡ್ ಗಿನನ್ ಮತ್ತು ಅವರ ಜೊತೆಗಾರರು, ನಕ್ಷತ್ರ ತೀರಾ ಮಂಕಾಗುತ್ತಿದೆ ಎಂದು ಎಲ್ಲರಿಗೂ ತಿಳಿಸಿದರು. 2020ರ ಫೆಬ್ರವರಿಯ ಹೊತ್ತಿಗೆ ಎಂದಿನ ಬೆಳಕಿನ ಮೂರನೇ ಒಂದು ಪಾಲು ಮಾತ್ರ ಉಳಿದಿತ್ತು. ಅದನ್ನು ಕಾಣಲು ದೂರದರ್ಶಕ ಬೇಕಿರಲಿಲ್ಲ. ಪಕ್ಕದ ಬೆಲ್ಲಾಟ್ರಿಕ್ಸ್ ಎಂಬ ನಕ್ಷತ್ರದ ಜೊತೆ ಹೋಲಿಸಿದರೆ ಸಾಕಿತ್ತು. ಯಾವಾಗಲೂ ಅದಕ್ಕಿಂತ ಎದ್ದು ಕಾಣುತ್ತಿದ್ದ ಆರಿದ್ರಾ ಆಗ ಅದಕ್ಕೆ ಸಮ ಆಗಿತ್ತು.

ಹವ್ಯಾಸಿಗಳು ಬೆಳಕನ್ನು ಅಳೆಯುವುದು ಹೀಗೇ. ಗೊತ್ತಿರುವ ಎರಡು ನಕ್ಷತ್ರಗಳ ನಡುವೆ ಇದು ಎಲ್ಲಿ ನಿಲ್ಲುತ್ತದೆ ಎಂದು ನೋಡುತ್ತೇವೆ. ರೋಹಿಣಿಯ ಕಾಂತಿಮಾನ, ಅಂದರೆ ನಮಗೆ ಕಾಣುವ ಬೆಳಕಿನ ಅಳತೆ, ಸುಮಾರು 0.9, ಬೆಲ್ಲಾಟ್ರಿಕ್ಸ್‌ನದು 1.6. ಸಂಖ್ಯೆ ಜಾಸ್ತಿಯಾದಷ್ಟೂ ಬೆಳಕು ಕಡಿಮೆ. ಇಲ್ಲಿ ಎರಡು ಎಚ್ಚರ ಬೇಕು. ಹೋಲಿಸುವ ನಕ್ಷತ್ರಗಳು ಆಕಾಶದಲ್ಲಿ ಹೆಚ್ಚು ಕಡಿಮೆ ಒಂದೇ ಎತ್ತರದಲ್ಲಿರಬೇಕು, ಯಾಕೆಂದರೆ ದಿಗಂತದ ಹತ್ತಿರ ಯಾವ ನಕ್ಷತ್ರವಾದರೂ ಮಂಕಾಗಿಯೇ ಕಾಣುತ್ತದೆ. ಇನ್ನೊಂದು, ಕೆಂಪು ನಕ್ಷತ್ರವನ್ನು ದಿಟ್ಟಿಸಿ ನೋಡಬಾರದು. ದಿಟ್ಟಿಸಿದಷ್ಟೂ ಅದು ಇರುವುದಕ್ಕಿಂತ ಹೆಚ್ಚು ಬೆಳಗಿದಂತೆ ಅನಿಸುತ್ತದೆ. ಒಮ್ಮೆ ಇದರ ಮೇಲೆ, ಒಮ್ಮೆ ಅದರ ಮೇಲೆ ಸುಮ್ನೆ ಕಣ್ಣು ಹಾಯಿಸಬೇಕು. ಬಂದ ಸಂಖ್ಯೆಯನ್ನು ತಾರೀಖು, ಸಮಯದ ಜೊತೆ ಬರೆದಿಡಬೇಕು. 1911ರಲ್ಲಿ ಅಮೆರಿಕದಲ್ಲಿ ಶುರುವಾದ ಎಎವಿಎಸ್‌ಒ ಎಂಬ ಸಂಘ ಇಂಥ ಅಂದಾಜುಗಳನ್ನು ಪ್ರಪಂಚದ ಎಲ್ಲ ಕಡೆಯ ಹವ್ಯಾಸಿಗಳಿಂದ ಪಡೆಯುತ್ತದೆ. ವಿಜ್ಞಾನಿಗಳು ಅವನ್ನು ನಿಜಕ್ಕೂ ಬಳಸುತ್ತಾರೆ.

ಮಂಕಾದದ್ದು ಯಾಕೆ? ನಕ್ಷತ್ರ ಇನ್ನೇನು ಸಿಡಿಯುತ್ತದೆ ಎಂದು ಆಗ ಸುದ್ದಿಯಾಗಿತ್ತು. ಚಿಲಿ ದೇಶದಲ್ಲಿರುವ ದೊಡ್ಡ ದೂರದರ್ಶಕ ತೆಗೆದ ಚಿತ್ರಗಳಲ್ಲಿ ಅದರ ದಕ್ಷಿಣ ಭಾಗ ಮಾತ್ರ ಕಪ್ಪಾಗಿತ್ತು. ನಕ್ಷತ್ರ ತನ್ನ ಮೈಯಿಂದ ಅನಿಲವನ್ನು ಉಗುಳಿತ್ತು. ಅದು ತಣ್ಣಗಾಗಿ ಧೂಳಾಗಿ ನಮಗೆ ಅಡ್ಡ ಬಂದಿತ್ತು. ನಕ್ಷತ್ರದ ಮೈಯೂ ಸ್ವಲ್ಪ ತಂಪಾಗಿತ್ತು. ಈ ಎರಡೂ ಸೇರಿದ್ದವು ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ಎಲ್ಲಿಂದ ಗೊತ್ತೇ? ಜಪಾನಿನ ಹಿಮವರಿ-8 ಎಂಬ ಹವಾಮಾನ ಉಪಗ್ರಹದಿಂದ! ಅದರ ಕೆಲಸ ಭೂಮಿಯ ಮೋಡಗಳ ಚಿತ್ರ ತೆಗೆಯುವುದು. ಆ ಚಿತ್ರಗಳ ಅಂಚಿನಲ್ಲಿ ಆರಿದ್ರಾ ಕೂಡ ಸಿಕ್ಕಿಬಿದ್ದಿತ್ತು. ಟೋಕಿಯೊದ ಸಂಶೋಧಕರು ನಾಲ್ಕೂವರೆ ವರ್ಷದ ಚಿತ್ರಗಳನ್ನು ಜಾಲಾಡಿ 2022ರಲ್ಲಿ ಇದನ್ನು ಪ್ರಕಟಿಸಿದರು. ನನಗಂತೂ ಈ ಇಡೀ ಕಥೆಯಲ್ಲಿ ಇದರಷ್ಟು ಖುಷಿ ಕೊಟ್ಟ ಭಾಗ ಇನ್ನೊಂದಿಲ್ಲ.

ನಮ್ಮ ಕಣ್ಣಿಗೆ ಮಾತ್ರ ಪ್ರತಿ ವರ್ಷ ಒಂದು ತಡೆ ಇದ್ದೇ ಇದೆ. ಆರಿದ್ರಾ ಮಳೆ ಅಂದರೆ ಸೂರ್ಯ ಆರಿದ್ರಾ ನಕ್ಷತ್ರದಲ್ಲಿರುವ ಕಾಲ, ಅಲ್ವಾ? ಅಂದರೆ ಮಳೆ ಸುರಿಯುವ ಆ ದಿನಗಳಲ್ಲಿ ನಕ್ಷತ್ರ ಹಗಲಿನ ಆಕಾಶದಲ್ಲಿ ಸೂರ್ಯನ ಕಡೆಯೇ ಇರುತ್ತದೆ. ಮೋಡ ಸರಿದರೂ ಕಾಣುವುದಿಲ್ಲ. 2020ರಲ್ಲಿ ಆ ತಿಂಗಳುಗಳಲ್ಲಿ, ಭೂಮಿಯಿಂದ ದೂರ ಬೇರೆ ಕೋನದಲ್ಲಿದ್ದ ನಾಸಾದ ಸ್ಟೀರಿಯೊ ನೌಕೆಯಿಂದ ಅದನ್ನು ನೋಡಬೇಕಾಯಿತು.

ಇತ್ತೀಚಿನ ಸುದ್ದಿ ಇನ್ನೂ ದೊಡ್ಡದು. ಆರಿದ್ರಾದ ಬೆಳಕಿನಲ್ಲಿ ಸುಮಾರು 400 ದಿನಕ್ಕೊಮ್ಮೆ ಬರುವ ಏರಿಳಿತದ ಜೊತೆಗೆ, ಸುಮಾರು ಆರು ವರ್ಷಕ್ಕೊಮ್ಮೆ ಬರುವ ಇನ್ನೊಂದು ಇದೆ. ಅದಕ್ಕೆ ಕಾರಣ ಜೊತೆಯಲ್ಲಿ ಸುತ್ತುವ ಒಂದು ಚಿಕ್ಕ ನಕ್ಷತ್ರ ಇರಬೇಕು ಎಂದು 2024ರಲ್ಲಿ ಎರಡು ತಂಡಗಳು ಬೇರೆ ಬೇರೆಯಾಗಿ ಲೆಕ್ಕ ಹಾಕಿ ಹೇಳಿದವು. ಆ ವರ್ಷದ ಡಿಸೆಂಬರ್‌ನಲ್ಲಿ ಹವಾಯಿಯ ಜೆಮಿನಿ ನಾರ್ತ್ ದೂರದರ್ಶಕ ನೋಡಿದಾಗ, ಹೇಳಿದ ಜಾಗದಲ್ಲೇ ಮಸುಕಾದ ಒಂದು ಚುಕ್ಕೆ ಸಿಕ್ಕಿತು. ನಾಸಾದ ಸ್ಟೀವ್ ಹೋವೆಲ್ ಅವರ ತಂಡ 2025ರ ಜುಲೈನಲ್ಲಿ ಅದನ್ನು ಪ್ರಕಟಿಸಿತು. ಆರು ವರ್ಷದ ಲಯ ಗೊತ್ತಾಗಬೇಕಾದರೆ ದಶಕಗಳ ದಾಖಲೆ ಬೇಕು. ಅದಕ್ಕೇ ಹವ್ಯಾಸಿಗಳು ತಲೆಮಾರುಗಳಿಂದ ಬರೆದಿಟ್ಟ ಸಂಖ್ಯೆಗಳಿಗೆ ಇಷ್ಟು ಬೆಲೆ.

ಆ ಸಂಗಾತಿಯನ್ನು ಮತ್ತೆ ಚೆನ್ನಾಗಿ ನೋಡುವ ಅವಕಾಶ 2027ರ ನವೆಂಬರ್‌ನಲ್ಲಿ ಬರುತ್ತದೆ. ದೊಡ್ಡ ದೂರದರ್ಶಕಗಳು ಅದಕ್ಕಾಗಿ ಕಾಯುತ್ತಿವೆ. ಅದು ನಮ್ಮ ಬರಿಗಣ್ಣಿಗೆ ಸಿಗುವಂಥದ್ದಲ್ಲ. ಆದರೆ ಆರಿದ್ರಾದ ಬೆಳಕು ಆ ಹೊತ್ತಿಗೆ ಎಷ್ಟಿರುತ್ತದೆ ಎಂದು ಒಂದು ನೋಟ್‌ಬುಕ್ ಮತ್ತು ಪೆನ್ಸಿಲ್ ಇರುವ ಯಾರು ಬೇಕಾದರೂ ಬರೆದಿಡಬಹುದು. ಮಕ್ಕಳನ್ನೂ ಜೊತೆಗೆ ಕರೆದುಕೊಳ್ಳಿ, ಅವರ ಕಣ್ಣು ನಮಗಿಂತ ಚುರುಕು. ನಮಸ್ಕಾರ.