ಗಲ್ಲಾ ಮುಂದಿನ ಹತ್ತು ನಿಮಿಷ

ಕೇಳುಗರಿಗೆ ನಮಸ್ಕಾರ. ಬಳ್ಳಾರಿಯ ಕೌಲ್ ಬಜಾರಿನಲ್ಲೋ ಕೊಪ್ಪಳದ ಜವಾಹರ ರಸ್ತೆಯಲ್ಲೋ ನಿಮ್ಮದೊಂದು ಅಂಗಡಿ ಎಂದಿಟ್ಟುಕೊಳ್ಳಿ, ಸಂಜೆ ಗಿರಾಕಿ ತುಂಬಿದ ಹೊತ್ತು. ಹತ್ತು ವರ್ಷದ ಹುಡುಗ 20 ರೂಪಾಯಿಯ ಚಾಕ್ಲೇಟು ಕಿಸೆಗೆ ಇಳಿಸಿದ್ದು ನಿಮ್ಮ ಕಣ್ಣಿಗೆ ಬಿತ್ತು. "ಏ ಕಳ್ಳಾ!" ಎಂದು ಕೂಗಿದಿರೋ, ಕೆಟ್ಟಿತು. ಜನ ಸೇರುತ್ತಾರೆ, ಒಬ್ಬ ಕೈ ಎತ್ತುತ್ತಾನೆ, ಇನ್ನೊಬ್ಬ ಮೊಬೈಲ್ ಎತ್ತುತ್ತಾನೆ. ಆ ವಿಡಿಯೊ ಬೆಳಗಾಗುವುದರೊಳಗೆ ಅವನ ಶಾಲೆ ಮುಟ್ಟಿರುತ್ತದೆ.

ಹತ್ತಿರ ಹೋಗಿ ಮೆಲ್ಲಗೆ ಮಾತಾಡಿ. "ಕದ್ದೀಯೇನು?" ಎಂದು ಕೇಳಿದರೆ ಅಂಜಿದ ಹುಡುಗ "ಇಲ್ರೀ" ಎಂದೇ ಅನ್ನುತ್ತಾನೆ, ತಪ್ಪಿಗೊಂದು ಸುಳ್ಳು ಜೋಡಿಯಾಗುತ್ತದೆ. "ತಮ್ಮಾ, ಕಿಸೆಯಾಗ ಇಟ್ಟದ್ದು ಗಲ್ಲಾ ಮ್ಯಾಲ ಇಡು" ಅನ್ನಿ, ಸಾಕು. ಕಣ್ಣಾರೆ ಕಂಡಿರದಿದ್ದರೆ ಬಿಟ್ಟುಬಿಡಿ. ಮೈ ತಡಕುವುದು, ಒಳಗೆ ಕೂಡಿಹಾಕುವುದು, ಕಿವಿ ಹಿಂಡುವುದು ಬೇಡ. ಠಾಣೆ ಮೆಟ್ಟಿಲು ಹತ್ತುವ ಪಾಳಿ ನಿಮಗೇ ಬಂದೀತು. ಪೊಲೀಸರ ಹೆಸರು ಹೇಳಿ ಹೆದರಿಸುವುದೂ ಪೊಳ್ಳು: 7 ವರ್ಷದೊಳಗಿನ ಮಗು ಮಾಡಿದ್ದು ಕಾನೂನಿನಲ್ಲಿ ಅಪರಾಧವೇ ಅಲ್ಲ. 18ರೊಳಗಿನವರಿಗೆ ಬಾಲ ನ್ಯಾಯ ಕಾಯ್ದೆಯ ದಾರಿಯೇ ಬೇರೆ.

ಇನ್ನು ಮನೆಯವರು. ಅವ್ವ ಅಪ್ಪನನ್ನು ಕರೆಸಿ, ಗಿರಾಕಿ ಇಲ್ಲದಾಗ ಹೇಳಿ. ಅಪ್ಪ ಅಲ್ಲೇ ಕಪಾಳಕ್ಕೆ ಬಿಗಿಯಲು ಹೋದರೆ ತಡೆಯಿರಿ. ಹೆಚ್ಚಿನವರು ಎಡವುವುದು ಮುಂದಿನ ಹೆಜ್ಜೆಯಲ್ಲಿ: ಅಪ್ಪ 20 ರೂಪಾಯಿ ಎಸೆದು ಮಗನನ್ನು ಎಳೆದುಕೊಂಡು ಹೋಗುತ್ತಾನೆ. ತೆತ್ತವನು ಅಪ್ಪ, ಹುಡುಗನಿಗೆ ಏನೂ ತಗಲಲಿಲ್ಲ. ಪೊಟ್ಟಣ ಒಡೆಯದಿದ್ದರೆ ಹುಡುಗನೇ ಮರಳಿಸಲಿ. ತಿಂದಿದ್ದರೆ ತನ್ನ ಕೈಖರ್ಚಿನಿಂದ ವಾರಕ್ಕೆ 5 ರೂಪಾಯಿಯಂತೆ ನಾಲ್ಕು ವಾರ ತಂದು ಕೊಡಲಿ. ಉದ್ರಿ ಪುಸ್ತಕದಲ್ಲಿ ಬರೆದುಕೊಳ್ಳಿ. ಕೊನೆಯ ಕಂತಿನ ದಿನ ಅವನೆದುರೇ ಗೀಟು ಹೊಡೆಯಿರಿ. ನಡುವೆ ಕರಗಿ "ಇರಲಿ ಬಿಡು" ಅನ್ನಬೇಡಿ, ಮಾಡಿದ್ದೆಲ್ಲ ನೀರುಪಾಲು. "ಕೇಳದೇ ತಗೊಂಡೆ, ತಪ್ಪಾತು" ಎಂಬ ಒಂದು ಮಾತು ಸಾಕು, ಕಾಲಿಗೆ ಬೀಳಿಸಬೇಡಿ. ಸಾಲಕ್ಕೆ ಬದಲಾಗಿ ಅಂಗಡಿ ಕೆಲಸಕ್ಕೆ ಹಚ್ಚುವುದೂ ಸಲ್ಲದು. 14ರೊಳಗಿನವರನ್ನು ದುಡಿಸಿಕೊಳ್ಳುವುದಕ್ಕೆ ಕಾನೂನಿನ ನಿಷೇಧವಿದೆ.

ಎತ್ತಿದ್ದು ಚಾಕ್ಲೇಟಲ್ಲ, ಬ್ರೆಡ್ಡು ಎಂದಿಟ್ಟುಕೊಳ್ಳಿ. ಮೊದಲು "ಉಂಡೀಯೇನು?" ಎಂದು ಕೇಳಿ. ನಮ್ಮ ರಾಯಚೂರು, ಕೊಪ್ಪಳ ಸೀಮೆಯಲ್ಲಿ ಅವ್ವ ಅಪ್ಪ ಗುಳೆ ಹೋಗಿ, ಮಕ್ಕಳು ಅಜ್ಜಿಯ ಹತ್ತಿರ ಉಳಿಯುವುದುಂಟು. ನೋಡಿಕೊಳ್ಳುವವರು ಇಲ್ಲವೆನಿಸಿದರೆ, ಅಥವಾ ದೊಡ್ಡ ಹುಡುಗರು ಛೂ ಬಿಟ್ಟು ಕಳಿಸುತ್ತಿದ್ದಾರೆ ಎನಿಸಿದರೆ, ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ದುಡ್ಡು ಬೀಳದು.

ಹಾಂ, ಇನ್ನೊಂದು. ಚಾಕ್ಲೇಟಿನ ಡಬ್ಬಿ ಬಾಗಿಲ ಪಕ್ಕ, ಮಗುವಿನ ಎದೆಮಟ್ಟಕ್ಕೆ ಇದ್ದರೆ ಇವತ್ತೇ ತೆಗೆದು ಗಲ್ಲಾದ ಹಿಂದೆ ಇಡಿ.