ಯಾಶ್‌ಚಿಲಾನ್‌ಗೆ ದೋಣಿಯಲ್ಲೇ ಯಾಕೆ ಹೋಗಬೇಕು?

[ಮ್ಯಾಪ್: ಮೆಕ್ಸಿಕೋ–ಗ್ವಾಟೆಮಾಲಾ ಗಡಿ]

ನಮಸ್ಕಾರ. ಮೆಕ್ಸಿಕೋದ ಚಿಯಾಪಾಸ್ ರಾಜ್ಯದ ಕಾಡಲ್ಲಿ ಯಾಶ್‌ಚಿಲಾನ್ ಅಂತ ಒಂದು ಹಾಳೂರಿದೆ. 8ನೇ ಶತಮಾನದಲ್ಲಿ ಮೆರೆದ ಊರು, ಮಾಯಾ ನಾಗರಿಕತೆಯ ಒಂದು ರಾಜ್ಯದ ರಾಜಧಾನಿ. ಇವತ್ತಿಗೂ ಅಲ್ಲಿಗೆ ರಸ್ತೆ ಇಲ್ಲ. ಯಾಕೆ?

ಮ್ಯಾಪ್ ನೋಡಿದ್ರೆ ಅರ್ಧ ಉತ್ತರ ಸಿಕ್ಕಿಬಿಡುತ್ತೆ. ಉಸುಮಸಿಂತಾ ನದಿ ಇಲ್ಲಿ ಕುದುರೆ ಲಾಳದ ಹಾಗೆ ಸುತ್ತಿ ಹರಿಯುತ್ತೆ, ಊರು ಅದರ ಒಳಗಿದೆ. ಮೂರು ಕಡೆ ನೀರು, ಉಳಿದ ಕಡೆ ಗುಡ್ಡ, ಕಾಡು. ಕೋಟೆಗೆ ಕಂದಕ ತೋಡೋ ಖರ್ಚೇ ಉಳೀತು! ಹೊಳೆಯಲ್ಲಿ ಹೋಗಿಬರೋ ದೋಣಿಗಳ ಮೇಲೂ ಕಣ್ಣಿಡಬಹುದು.

ಹೋಗೋ ದಾರಿ ಬೇಗ ಹೇಳಿಬಿಡ್ತೀನಿ. ಪಾಲೆಂಕೆ ಪಟ್ಟಣದಿಂದ ಹೊಳೆ ದಂಡೆಯ ಊರು ಫ್ರೊಂಟೇರಾ ಕೊರೊಸಾಲ್‌ಗೆ ರಸ್ತೆಯಲ್ಲಿ ಸುಮಾರು ಮೂರು ಗಂಟೆ. ಅಲ್ಲಿಂದ ಲಾಂಚಾ, ಅಂದ್ರೆ ಮೋಟರು ಕಟ್ಟಿದ ಉದ್ದನೆ ದೋಣಿ. ಹೋಗುವಾಗ ಹೊಳೆ ಹರಿಯೋ ದಿಕ್ಕು, ಮುಕ್ಕಾಲು ಗಂಟೆ ಆಸುಪಾಸು. ಬರುವಾಗ ಪ್ರವಾಹಕ್ಕೆ ಎದುರು, ಹೆಚ್ಚು ಹೊತ್ತು ಹಿಡಿಯುತ್ತೆ. ಬಾಡಿಗೆ ತಲೆಗಿಷ್ಟು ಅಂತಲ್ಲ, ಇಡೀ ದೋಣಿಗೆ. ಒಬ್ಬರೇ ಹೋದ್ರೆ ಜೇಬಿಗೆ ಕತ್ತರಿ, ಹಾಗಾಗಿ ದಂಡೆಯಲ್ಲೇ ಜೊತೆ ಹುಡುಕಿ. ದೋಣಿಯವರು ಸಾಮಾನ್ಯವಾಗಿ ಎರಡು ಗಂಟೆ ಕಾಯ್ತಾರೆ. ಇನ್ನೂ ಹೊತ್ತು ಬೇಕಿದ್ರೆ ಹತ್ತೋ ಮುಂಚೆನೇ ಮಾತಾಡ್ಕೊಳ್ಳಿ.

[ದೃಶ್ಯ: ಕತ್ತಲ ಓಣಿ]

ಒಳಗೆ ಕಾಲಿಡೋದೇ 'ಲ್ಯಾಬಿರಿಂತ್' ಅನ್ನೋ ಕಟ್ಟಡದ ಮೂಲಕ. ಕಗ್ಗತ್ತಲು, ತಲೆ ಮೇಲೆ ಬಾವಲಿಗಳು. ಟಾರ್ಚ್ ಬೇಕೇ ಬೇಕು. ಆದ್ರೆ ಟಾರ್ಚಿನ ಅಸಲಿ ಕೆಲಸ ಇಲ್ಲಲ್ಲ, ಮುಂದೆ ಇದೆ.

ಯಾಶ್‌ಚಿಲಾನ್‌ನ ಆಸ್ತಿ ಅಂದ್ರೆ ಬಾಗಿಲ ಮೇಲಿನ ಅಡ್ಡಗಲ್ಲುಗಳು. ಹೆಚ್ಚಿನವುಗಳ ಕೆತ್ತನೆ ಇರೋದು ಮುಂಭಾಗದಲ್ಲಲ್ಲ, ಅಡಿಭಾಗದಲ್ಲಿ! ಹೊಸ್ತಿಲ ಮೇಲೆ ನಿಂತು ಕತ್ತೆತ್ತದಿದ್ರೆ ರಾಜ ರಾಣಿ ಯಾರೂ ಕಾಣಲ್ಲ. ಎಷ್ಟೋ ಜನ ಬಾಗಿಲಿನ ಮುಂದೆ ಸೆಲ್ಫಿ ತಗೊಂಡು ವಾಪಸ್ ಹೋಗೋದು ಹೀಗೇ. ಟಾರ್ಚನ್ನ ಕೆಳಗಿಂದ ನೇರ ಬಿಟ್ರೆ ಕೆತ್ತನೆ ಚಪ್ಪಟೆ. ಪಕ್ಕಕ್ಕೆ ತಂದು, ಬೆಳಕು ಕಲ್ಲನ್ನ ಸವರಿಕೊಂಡು ಹೋಗೋ ಹಾಗೆ ಹಿಡೀರಿ. ನೆರಳು ಬಿದ್ದು ಒಂದೊಂದು ಗೆರೆಯೂ ಏಳುತ್ತೆ.

[ಚಿತ್ರ: ಅಡ್ಡಗಲ್ಲು 24]

ಇದನ್ನ ನೋಡಿ. ಇದರಲ್ಲಿರೋ ಘಟನೆ ನಡೆದದ್ದು ಕ್ರಿ.ಶ. 709ರಲ್ಲಿ. ರಾಣಿ ಕಬಾಲ್ ಶೋಕ್ ಮಂಡಿಯೂರಿ, ದೇವರಿಗೆ ತನ್ನ ರಕ್ತ ಅರ್ಪಿಸೋಕೆ, ಮುಳ್ಳು ಪೋಣಿಸಿದ ಹಗ್ಗವನ್ನ ನಾಲಿಗೆಯ ತೂತಿಂದ ಎಳೀತಿದ್ದಾಳೆ. ಹಗ್ಗದ ತುದಿ ಬುಟ್ಟಿಯೊಳಗಿದೆ, ಅದರಲ್ಲಿ ರಕ್ತದ ಕಲೆಯ ಕಾಗದ. ಎದುರಿಗೆ ಉರಿಯೋ ದೊಂದಿ ಹಿಡಿದ ರಾಜ ಇತ್ಸಾಮ್ನಾಹ್ ಬಾಲಾಮ್. ಇಷ್ಟು ನೋವಿನ ಮಧ್ಯೆಯೂ ಶಿಲ್ಪಿ ರಾಣಿಯ ಉಡುಪಿನ ನೇಯ್ಗೆ, ಅಂಚನ್ನ ಬಿಡದೆ ಕೆತ್ತಿದ್ದಾನೆ. ನನಗೆ ಆ ರಕ್ತಕ್ಕಿಂತ ಈ ಅಂಚೇ ಆಶ್ಚರ್ಯ. ಇದರ ಜೊತೆಯ 25ನೇ ಕಲ್ಲಲ್ಲಿ ಬರಹವನ್ನ ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಕೆತ್ತಿದ್ದಾರೆ.

ಈಗ ಬೇಜಾರಿನ ವಿಷಯ. ಈ ಎರಡೂ ಕಲ್ಲು ಅಲ್ಲಿಲ್ಲ, ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿವೆ. 1882ರಲ್ಲಿ ಬ್ರಿಟಿಷ್ ಪುರಾತತ್ವ ಶೋಧಕ ಆಲ್‌ಫ್ರೆಡ್ ಮೌಡ್‌ಸ್ಲೇ ಬಂದ. 24ನೇ ಕಲ್ಲು ದೋಣಿಗೆ ಭಾರ ಅಂತ ಕೆತ್ತನೆ ಇಲ್ಲದ ಭಾಗವನ್ನೆಲ್ಲ ಕೊಚ್ಚಿಸಿ ತೂಕ ಇಳಿಸಿ ಸಾಗಿಸಿದ. ಹಾಗಾಗಿ ಅವು ಮೊದಲಿದ್ದ 23ನೇ ಕಟ್ಟಡದಲ್ಲಿ ಅವನ್ನ ಹುಡುಕಬೇಡಿ. ನೇರ ಮೆಟ್ಟಿಲು ಹತ್ತಿ 33ನೇ ಕಟ್ಟಡಕ್ಕೆ ಹೋಗಿ, ಅಲ್ಲಿ ಮೂರು ಅಡ್ಡಗಲ್ಲು ಬಾಗಿಲ ಮೇಲೇ ಇವೆ. ಒಳಗೆ ರಾಜ 'ಪಕ್ಷಿ ಜಾಗ್ವಾರ್'ನ ಮೂರ್ತಿ, ರುಂಡ ಬೇರೆ, ಮುಂಡ ಬೇರೆ. ರುಂಡ ಮುಂಡ ಸೇರಿದ ದಿನ ಪ್ರಳಯ ಅಂತ ಈ ಕಾಡಿನ ಬುಡಕಟ್ಟು ಲಾಕಂದೋನ್ ಜನರ ನಂಬಿಕೆ. ಯಾರೂ ಫೆವಿಕಾಲ್ ಹಿಡ್ಕೊಂಡು ಹೋಗಬೇಡಿ, ಅಷ್ಟೇ.

ಟೈಮ್ ಆಗ್ತಾ ಬಂತು, ಉಳಿದದ್ದು ಫಟಾಫಟ್. ಮೆಟ್ಟಿಲಲ್ಲಿ ಪಾಚಿ ಕಟ್ಟಿರುತ್ತೆ, ಇಳಿಯುವಾಗ್ಲೇ ಜಾರೋದು, ಹಿಡಿತದ ಶೂ ಇರಲಿ. ಕೊರೊಸಾಲ್‌ನಲ್ಲಿ ಎಟಿಎಂ ಇಲ್ಲ, ಪೆಸೊ ನಗದು ಪಾಲೆಂಕೆಯಲ್ಲೇ ತೆಗೀರಿ. ಅಮೆರಿಕದಲ್ಲಿರೋ ನಮ್ಮವರಿಗೆ: ಚಾಲ್ತಿಯಲ್ಲಿರೋ ಅಮೆರಿಕ ವೀಸಾ ಇದ್ರೆ ಮೆಕ್ಸಿಕೋಗೆ ಬೇರೆ ವೀಸಾ ಬೇಡ. ಆದ್ರೆ ಹೊಳೆಯ ಆಚೆ ದಡ ಗ್ವಾಟೆಮಾಲಾ, ಅಲ್ಲಿ ಇಳೀಬೇಡಿ. ಕೊನೇದು ತುಂಬ ಮುಖ್ಯ. ಇತ್ತೀಚಿನ ವರ್ಷಗಳಲ್ಲಿ ಚಿಯಾಪಾಸ್ ಗಡಿಭಾಗದಲ್ಲಿ ಗ್ಯಾಂಗ್‌ಗಳ ಹೊಡೆದಾಟ ಜೋರಾಗಿದೆ. ಹೊರಡೋ ವಾರದಲ್ಲೇ ಪಾಲೆಂಕೆಯಲ್ಲಿ ವಿಚಾರಿಸಿ, ಅಲ್ಲಿನವರು ಬೇಡ ಅಂದ್ರೆ ಬೇಡ.